ತಾವೇ ಬರೆದ ಪುಸ್ತಕದ ಪರೀಕ್ಷೆಗೆ ಪಂಚಾಕ್ಷರಿಯವರು ಕೂತದ್ದು

ಆಫೀಸಿನಲ್ಲಿ ಒಂದು ಕೆಲಸ ಯಾರ ಕೈಯಿಂದ ಯಾರ ಕೈಗೆ ದಾಟಬೇಕು, ದಾಟದೆ ಎಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದೆ ಎಂದು ಪತ್ತೆಹಚ್ಚಿ ಎಬ್ಬಿಸುವುದು ಬೆಳ್ಳಂದೂರಿನ ಪಂಚಾಕ್ಷರಿಯವರ ಉದ್ಯೋಗ. ಪ್ರೊಸೆಸ್ ಮ್ಯಾನೇಜ್‌ಮೆಂಟ್ ಎಂದು ಅದರ ಹೆಸರು. ಆದರೆ ಒಂದೊಂದು ಕಂಪನಿಯಲ್ಲಿ ಅದಕ್ಕೆ ಒಂದೊಂದು ಮಡಿ, ಒಂದೊಂದು ಮಂತ್ರ. ಹಾಗಾಗಿ ಕೆಲವು ಕಂಪನಿಗಳ ಹಿರಿತಲೆಗಳು ಸೇರಿ, ಈ ಕಸುಬಿನವರಿಗೆ ಏನೇನು ಗೊತ್ತಿರಬೇಕೆಂದು ಎಲ್ಲರೂ ಒಪ್ಪುವ ಒಂದು ಪುಸ್ತಕ ಬರೆಯಲು ಕುಳಿತವು. ಪಂಚಾಕ್ಷರಿಯವರು ಅಧ್ಯಕ್ಷರು, ಅಂದರೆ ಜಗಳ ಬಿಡಿಸುವವರು. ಒಂದು ಅಧ್ಯಾಯವನ್ನು ಸ್ವತಃ ಬರೆದರು ಕೂಡ.

ಪುಸ್ತಕ ಮುಗಿದ ದಿನ ಹೋಳಿಗೆ ಊಟ. ಆ ಹುಮ್ಮಸ್ಸಿನಲ್ಲಿ ಎದ್ದು ನಿಂತು, "ಇದರ ಮೇಲೆ ಪರೀಕ್ಷೆ ಇಡೋಣ. ಯಾರಿಗೂ ವಿನಾಯಿತಿ ಬೇಡ, ನಮಗೂ!" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ನಡುವಯಸ್ಸಿನ ನಮ್ಮಂಥವರ ಕಿವಿಗೆ ಚಪ್ಪಾಳೆ ಬಿದ್ದರೆ ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕುತ್ತದೆ.

ಪುಸ್ತಕ ಬರೆದವರಲ್ಲೊಬ್ಬನಾದ ಗೆಳೆಯ ಈರೇಶ್ ಪಕ್ಕದಿಂದ ಮೆಲ್ಲಗೆ, "ಗುರೂ, ಆ 'ನಮಗೂ' ಅನ್ನೋದನ್ನ ವಾಪಸ್ ತಗೊಳ್ಳೋಕಾಗುತ್ತಾ?" ಎಂದ.

ಆಗಲಿಲ್ಲ. ಅವರ ಕೈಕೆಳಗಿನ ಹುಡುಗಿ ಐಶ್ವರ್ಯಾ ಕೂಡ ಅದೇ ಪರೀಕ್ಷೆಗೆ ಹೆಸರು ಕೊಟ್ಟಳು. ಅವಳು ಪಾಸಾಗಿ ತಾವು ಫೇಲಾದರೆ ಆಫೀಸಿನಲ್ಲಿ ಮುಖ ತೋರಿಸುವುದು ಹೇಗೆ? ಪಂಚಾಕ್ಷರಿಯವರಿಗೆ ಊಟ ರುಚಿಸದಾಯಿತು.

ಮನೆಯಲ್ಲಿ ಮಗಳು ಸ್ಫೂರ್ತಿ ಪಾಠ ಒಪ್ಪಿಸಿಕೊಂಡಳು.

"ಅಪ್ಪಾಜಿ, ಕೆಲಸ ಎಲ್ಲೋ ನಿಂತ್ಹೋಗಿದೆ. ಮೊದ್ಲು ಏನ್ಮಾಡ್ತೀರಾ?"

"ಅದನ್ನ ಮಾಡೋರ ಪಕ್ಕ ಕೂತು, ಏನಪ್ಪಾ ತೊಂದ್ರೆ ಅಂತ ಕೇಳ್ತೀನಿ."

"ತಪ್ಪು. 'ಪ್ರಸಕ್ತ ಹರಿವಿನ ನಕ್ಷೆಯನ್ನು ಪರಿಷ್ಕರಿಸತಕ್ಕದ್ದು.'"

"ಯಾವ ಪುಣ್ಯಾತ್ಮ ಬರೆದದ್ದು ಇದು?"

ಸ್ಫೂರ್ತಿ ಹಾಳೆ ತಿರುಗಿಸಿದಳು. "ನೀವೇ."

ಅಡುಗೆಮನೆಯಿಂದ ಹೆಂಡತಿ ಶರಣಮ್ಮ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ತಾವು ತೋಡಿದ ಬಾವ್ಯಾಗ ತಾವೇ ಬಿದ್ದಾರ. ಒಂದು ಹಗ್ಗ ಒಗಿಯವ್ವಾ!" ಎಂದರು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪರೀಕ್ಷೆ ಬರೆದು ಬಂದಮೇಲೆ ಪಂಚಾಕ್ಷರಿಯವರು ಫೋನನ್ನು ದೇವರಂತೆ ನೋಡತೊಡಗಿದರು. ಕೊನೆಗೊಂದು ಮಧ್ಯಾಹ್ನ ಫಲಿತಾಂಶ ಬಂತು. ಪಾಸು! ಎದೆಯ ಮೇಲಿನ ಕಲ್ಲು ಜಾರಿತು. ಅಂಕಗಳನ್ನು ಬಿಡಿಸಿ ನೋಡಿದರೆ, ಎಲ್ಲಕ್ಕಿಂತ ಕಡಿಮೆ ಬಂದದ್ದು ಸ್ವಂತ ಅಧ್ಯಾಯದಲ್ಲಿ. ಫೋನು ಮುಚ್ಚಿಕೊಳ್ಳುವಷ್ಟರಲ್ಲಿ ಐಶ್ವರ್ಯಾ ಬಂದು ನಿಂತಿದ್ದಳು.

"ಸಾರ್, ನಾನೂ ಪಾಸು! ಆದ್ರೆ ನಿಮ್ಮ ಚಾಪ್ಟರಲ್ಲಿ ಹೊಡೆಸ್ಕೊಂಡೆ. ಬೇಜಾರ್ ಮಾಡ್ಕೋಬೇಡಿ."

"ಬೇಜಾರಾ?" ಪಂಚಾಕ್ಷರಿಯವರ ಮುಖ ಅರಳಿತು. ಈರೇಶನಿಗೆ ಫೋನು ಮಾಡಿದರು. ಅವನದೂ ಅದೇ ಕಥೆ. ಹಾಗಾದರೆ ತಪ್ಪು ತಮ್ಮ ತಲೆಯದಲ್ಲ, ಪುಸ್ತಕದ್ದು! ಆ ಅಧ್ಯಾಯವನ್ನು ಹೊಸದಾಗಿ ಬರೆಯುವುದೆಂದು ಅಲ್ಲೇ ತೀರ್ಮಾನಿಸಿದರು. ಪುಸ್ತಕ ಬರೆದದ್ದೂ ಅದೇ ತಲೆ ಎಂಬ ಯೋಚನೆ ಬಾಗಿಲು ತಟ್ಟುವ ಮೊದಲೇ, ಐಶ್ವರ್ಯಾಳನ್ನು ಕರೆದುಕೊಂಡು ಕ್ಯಾಂಟೀನಿಗೆ ಹೋಗಿ ಮಸಾಲೆ ದೋಸೆ ಹೇಳಿದರು.