ಬಲೆಯ ಹಗ್ಗ ಮುಟ್ಟದ ಕೈ

ನನ್ನ ಗಂಡನ ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಗಂಟುಗಳಿದ್ದವು. ಹಗ್ಗ ಕೈಗೆ ಸುತ್ತಿಕೊಂಡು ಬಲೆ ಎಳೆದು ಬಂದ ಜಡ್ಡು ಎಂದೇ ಮಂಕಿ ಊರಿನ ನಮ್ಮ ಕೇರಿಯವರೆಲ್ಲ ನಂಬಿದ್ದರು. ನನ್ನನ್ನು ನೋಡಲು ಬಂದಾಗ ಅಪ್ಪ ಮೆಚ್ಚಿದ್ದೂ ಆ ಕೈಯನ್ನೇ, ದುಡಿಯುವವನ ಕೈ ಎಂದು. ನಲವತ್ತು ತುಂಬುವ ಮೊದಲೇ ನನ್ನ ಗಂಡ ದೋಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ಕಡಲಿಗೆ ಹೋದವನ ಹಣೆಬರಹ ಎಂದು ಊರವರು ಕೈತೊಳೆದುಕೊಂಡರು.

ಮಗಳಿಗೆ ಹದಿಮೂರು ನಡೆಯುತ್ತಿದ್ದಾಗ ಅವಳ ಗೆಣ್ಣುಗಳ ಮೇಲೂ ಅದೇ ಗಂಟುಗಳು ಎದ್ದವು. "ಅಪ್ಪನ ಕೈಯೇ ಬಂದದೆ ನೋಡು" ಎಂದು ಅತ್ತೆ ಖುಷಿಪಟ್ಟರು. ನಾನು ಅವಳ ಕೈ ಹಿಡಿದು ತಿರುಗಿಸಿ ನೋಡಿದೆ. ಈ ಹುಡುಗಿ ಹುಟ್ಟಿದಂದಿನಿಂದ ಬಲೆಯ ಹಗ್ಗ ಮುಟ್ಟಿದವಳಲ್ಲ. ಪೆನ್ನು ಹಿಡಿದು ಜಡ್ಡು ಬರುವುದುಂಟೇ?

ಹೊನ್ನಾವರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟ್ರಾಲ್ ವಿಪರೀತವಿತ್ತು. ಗೆಣ್ಣಿನ ಗಂಟು ಜಡ್ಡಲ್ಲ, ಆ ಕೊಬ್ಬೇ ಕಟ್ಟಿಕೊಂಡದ್ದು, ಇದು ತಂದೆಯಿಂದ ಬಂದದ್ದು, ತೆಂಗಿನಕಾಯಿ, ಕರಿದದ್ದು ಕಡಿಮೆ ಮಾಡಿ, ಆದರೆ ಪಥ್ಯವೊಂದೇ ಸಾಲದು, ದಿನಾ ಮಾತ್ರೆ ಬೇಕು ಎಂದರು. ಈಗಲೇ ಶುರುಮಾಡಿದರೆ ಅಪ್ಪನ ಗತಿ ಇವಳಿಗೆ ಬಾರದಂತೆ ನೋಡಿಕೊಳ್ಳಬಹುದು ಎಂದೂ ಹೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ, ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಹಣೆಬರಹವಂತೆ. ವರ್ಷಗಟ್ಟಲೆ ಎಲ್ಲರ ಕಣ್ಣೆದುರು ಅವರ ಕೈಯ ಮೇಲೇ ಇತ್ತಲ್ಲ.

ಮನೆಯಲ್ಲಿ ಅತ್ತೆ ಮಾತ್ರೆಯ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಅಡಗಿಸಿಟ್ಟರು. "ಈ ಸಣಕಲು ಹುಡ್ಗಿಗೆ ಎಂತ ಕೊಬ್ಬು? ದಿನಾ ಮಾತ್ರೆ ನುಂಗ್ತದೆ ಅಂತ ಗೊತ್ತಾದ್ರೆ ನಾಳೆ ಯಾರು ಮದ್ವೆ ಆತ್ರು?"

"ಮದ್ವೆ ಆಗೂಕೆ ಮೊದ್ಲು ಬದ್ಕಿರ್ಬೇಕಲ್ಲ" ಎಂದೆ. ಡಬ್ಬಿ ತಂದು ಜಗಲಿಯಲ್ಲಿ ಗಂಡನ ಫೋಟೋದ ಕೆಳಗೇ ಇಟ್ಟೆ. ಬಂದವರು ನೋಡಲಿ, ಕೇಳಲಿ, ಬೇಕಾದರೆ ಭಟ್ಕಳದ ತನಕ ಸಾರಿಕೊಂಡು ಹೋಗಲಿ. ಮಗಳು ಊಟವಾದ ಮೇಲೆ ಎಲ್ಲರೆದುರೇ ಮಾತ್ರೆ ನುಂಗುತ್ತಾಳೆ. ಕಾಯಿ ಕಡಿಮೆಯಾದ ಮೀನುಸಾರಿಗೆ ಅವಳು ಮುಖ ಸಿಂಡರಿಸುತ್ತಾಳೆ, ನಾನೂ ಸಿಂಡರಿಸುತ್ತೇನೆ. ತಿನ್ನುತ್ತೇವೆ.

ಕಳೆದ ವಾರ ಮೈದುನ, ಈಗ ಅಣ್ಣನ ದೋಣಿ ನಡೆಸುವವನು, ಊಟಕ್ಕೆ ಕೂತವನು ಅವಳನ್ನು ರೇಗಿಸಿದ. "ನಿಂಗೆ ಮಾತ್ರೆ ಎಂತಕ್ಕೆ ಹುಡ್ಗಿ? ಎರಡು ದಿನ ನನ್ನ ಸಂಗ್ತಿ ಬಲೆ ಎಳಿ, ಎಲ್ಲ ಕರಗ್ತದೆ."

ಮಗಳು ತಟ್ಟೆ ಸರಿಸಿ ತನ್ನ ಕೈಯನ್ನು ಅವನ ಕೈಯ ಪಕ್ಕ ಇಟ್ಟಳು. ಇಬ್ಬರ ಗಂಟುಗಳೂ ಅದೇ ಗೆಣ್ಣುಗಳ ಮೇಲಿದ್ದವು.

"ನಾ ಬಲೆ ಎಳಿಲೇ ಇಲ್ಲ, ಚಿಕ್ಕಪ್ಪ" ಎಂದಳು.

ಅವನ ನಗು ಅಲ್ಲೇ ನಿಂತಿತು. ಅತ್ತೆ ಇಬ್ಬರ ಕೈಗಳನ್ನೂ ನೋಡಿದರು, ಆಮೇಲೆ ಫೋಟೋ ನೋಡಿದರು. ಮರುದಿನ ಬೆಳಿಗ್ಗೆ ಮೈದುನ ಚಹಾಕ್ಕೆ ಕೈ ಚಾಚಿದಾಗ ಅತ್ತೆ ಲೋಟವನ್ನು ಹಿಂದಕ್ಕೆ ಎಳೆದುಕೊಂಡರು.

"ಮೊದ್ಲು ಹೊನ್ನಾವರಕ್ಕೆ ಹೋಗಿ ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ಬಾ" ಎಂದರು. "ಆಮೇಲೆ ಕುಡಿ."