ನಡುಗುವ ಗೆರೆ

ಸೌದಿಯ ಯಾನ್ಬುವಿನ ಮಾಲ್‌ನ ಸಿನೆಮಾದಲ್ಲಿ ಟಿಕೆಟ್ ಕೊಡುವವನು ಈ ಕಾರ್ಟೂನಿಗೆ ಮಕ್ಕಳಿಗೆ ಪ್ರವೇಶವಿಲ್ಲ ಎಂದಾಗ, ನಮ್ಮನ್ನು ಕರೆತಂದಿದ್ದ ಭಟ್ಕಳದ ವ್ಯಾಪಾರಿ ಇಸ್ಮಾಯಿಲ್ ಸಾಹೇಬರು ನಕ್ಕರು. "ದೊಡ್ಡವರಿಗೆ ಮಾತ್ರ ಕಾರ್ಟೂನಾ? ಎಂತ ಮಾರಾಯ ಇದು!"

ಅದು ಕೈಯಲ್ಲೇ ಬಿಡಿಸಿದ ಫ್ರೆಂಚ್ ಚಿತ್ರ. ಮುದುಕಿಯೊಬ್ಬಳು ಕಿತ್ತಳೆ ಸುಲಿಯುವಾಗ ಅವಳ ಬೆರಳುಗಳ ಗೆರೆಯೇ ಸಣ್ಣಗೆ ನಡುಗುತ್ತಿತ್ತು. ಸಾಹೇಬರು ಕಣ್ಣೊರೆಸಿಕೊಂಡರು. ಜೊತೆಗೆ ಬಂದಿದ್ದ ಉಡುಪಿಯ ಸದಾನಂದಣ್ಣ ಸೀಟಿನ ತುದಿಗೆ ಸರಿದರು. ಅವರು ಬೋರ್ಡು ಬರೆಯುವ ಪೇಂಟರ್. ಕೈನಡುಕ ಶುರುವಾದ ಮೇಲೆ ಕೆಲಸವಿಲ್ಲ.

ಹೊರಗೆ ಬಂದೊಡನೆ ಸಾಹೇಬರು ಹೇಳಿದರು: "ಸದಾನಂದ, ಹೊಸ ಅಂಗಡಿಗೆ ಪ್ರಿಂಟ್ ಬೋರ್ಡು ಬೇಡ. ನೀನೇ ಬರಿ."

"ಕೈ ನಡುಗ್ತದಲ್ಲ ಸಾಹೇಬ್ರೇ?"

"ನಡುಗಲಿ. ಅಷ್ಟು ದೊಡ್ಡ ಪರದೆಯಲ್ಲೇ ನಡುಗಿತಲ್ಲ! ಯಲ್ಲಾ, ನಡಿ ನಡಿ, ಬಣ್ಣ ತರುವ."

ಇಡೀ ಸಂಜೆ ಕಿಸೆಯಲ್ಲಿ ಅಡಗಿಸಿಟ್ಟಿದ್ದ ಬಲಗೈಯನ್ನು ಎತ್ತರಕ್ಕೆ ಚಾಚಿ ಸದಾನಂದಣ್ಣ ಟ್ಯಾಕ್ಸಿ ನಿಲ್ಲಿಸಿದರು.