ಪೂಜೆಗೆಂದು ಆರಿಸಿಟ್ಟ ಎರಡು ಪೆಟ್ಟಿಗೆ

ಬಿಚ್ಚಲಾಗದ ವಸ್ತುವನ್ನು ನಂಬಬಾರದು ಎನ್ನುವುದು ಜನ್ನಾಪುರದ ಹಾಲೇಶನ ಒಂದೇ ಸಿದ್ಧಾಂತ. ಮಾಚೇನಹಳ್ಳಿಯ ಶೆಡ್ಡುಗಳಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಬೆಳೆದ ಕೈ ಅದು. ಮನೆಗೆ ಹೊಸ ಮಿಕ್ಸಿ ತಂದರೂ ತಳ ಬಿಚ್ಚಿ ನೋಡದೆ ಹೆಂಡತಿಗೆ ಚಟ್ನಿ ರುಬ್ಬಲು ಬಿಡುವವನಲ್ಲ.

ಅವನ ಬೀದಿಯಲ್ಲೇ ಟ್ರಸ್ಟಿನವರು ನಡೆಸುವ ಪುಟ್ಟ ಡಯಾಲಿಸಿಸ್ ಕೇಂದ್ರವಿದೆ. ಐದು ಹಾಸಿಗೆ, ಒಬ್ಬ ಡಾಕ್ಟರು. ರೋಗಿಗಳ ದಾಖಲೆ ಇಡಲು ಯಾವುದೋ ದೂರದ ಕಂಪನಿ ಸಾಫ್ಟ್‌ವೇರ್ ಕೊಟ್ಟಿತ್ತು. ಒಂದು ದಿನ ಆ ಕಂಪನಿ ಬಾಗಿಲು ಮುಚ್ಚಿತು. ಮೂರು ವರ್ಷದ ದಾಖಲೆ ಅದರ ಹೊಟ್ಟೆಯಲ್ಲೇ ಉಳಿಯಿತು. ಫ್ಯಾನ್ ರಿಪೇರಿಗೆ ಹೋಗಿದ್ದ ಹಾಲೇಶ ಇದನ್ನು ಕೇಳಿ ಕೆಂಡವಾದ. ಆರು ತಿಂಗಳು ಫೋನಿನಲ್ಲಿ ಪಾಠ ನೋಡಿ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಮುಕ್ತ ತಂತ್ರಾಂಶವೊಂದನ್ನು ಹಳೆಯ ಕಂಪ್ಯೂಟರಿನಲ್ಲಿ ಕೂರಿಸಿದ. ಅದರ ನಕಲು ಮಾಚೇನಹಳ್ಳಿಯಲ್ಲಿ, ಓಂಕಾರಪ್ಪನವರ ಲೇತ್ ಶೆಡ್ಡಿನ ಮೂಲೆಯ ಇನ್ನೊಂದು ಪೆಟ್ಟಿಗೆಯಲ್ಲಿ. ದಿನವೂ ಮಧ್ಯಾಹ್ನ ಇಲ್ಲಿ ಬರೆದದ್ದು ಅಲ್ಲಿಗೆ ಹೋಗಿ ಕೂರುತ್ತಿತ್ತು.

"ಭದ್ರಾ ಹೊಳೆ ಬಂದು ಇದನ್ನ ಮುಳುಗಿಸಿದ್ರೂ ಅದಿರುತ್ತೆ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಸ್ವಲ್ಪ ಜಂಬವಿತ್ತು, ಮಾಡಿದವನಿಗೆ ಅಷ್ಟೂ ಬೇಡವೇ?

ಹೊಳೆ ಬರಲಿಲ್ಲ, ಆಯುಧಪೂಜೆ ಬಂತು. ಭದ್ರಾವತಿ ಕಾರ್ಖಾನೆಯ ಊರು. ಯಂತ್ರವನ್ನು ನಿಲ್ಲಿಸಿ, ತೊಳೆದು, ವಿಭೂತಿ ಹಚ್ಚಿ, ಮರುದಿನದ ಮರುಪೂಜೆಯವರೆಗೆ ಮುಟ್ಟದೆ ಬಿಡುವುದು ಇಲ್ಲಿಯವರಿಗೆ ಉಸಿರಾಟದಷ್ಟೇ ಸಹಜ. ಬೆಳಗಿನ ರೋಗಿಗಳು ಹೋದ ಮೇಲೆ ಹಾಲೇಶ ತಾನೇ ಆ ಸರ್ವರ್ ಕಂಪ್ಯೂಟರ್ ಆರಿಸಿ, ಚೆಂಡುಹೂ ಮುಡಿಸಿ, ಮಾವಿನೆಲೆಯಿಂದ ಕೈತುಂಬಾ ನೀರು ಚಿಮುಕಿಸಿದ.

ಮೂರು ಗಂಟೆಗೆ ಪಕ್ಕದ ಮನೆಯವಳು ಕರಿಬಸಮ್ಮನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಕರಿಬಸಮ್ಮ ವಾರಕ್ಕೆರಡು ಸಲ ಬರುವ ರೋಗಿ, ಎಲ್ಲರಿಗೂ ಅಡ್ಡಹೆಸರಿಡುವ ಬಾಯಿ. ಈಗ ಚಳಿಜ್ವರಕ್ಕೆ ನಡುಗುತ್ತಿದ್ದಳು, ಕರೆದರೆ ಓಗೊಡುತ್ತಿರಲಿಲ್ಲ. ಡಾಕ್ಟರ್ ದುಶ್ಯಂತ್ ಪ್ರಸಾದದ ಮಂಡಕ್ಕಿ ಬದಿಗಿಟ್ಟು ಓಡಿ ಬಂದರು.

"ರಕ್ತಕ್ಕೆ ನಂಜೇರಿದೆ. ಶಿವಮೊಗ್ಗಕ್ಕೆ ಕಳಿಸೋಣ, ಆಂಬುಲೆನ್ಸ್ ಬರೋಕೆ ಮುಂಚೆ ಇಂಜೆಕ್ಷನ್ ಕೊಡ್ಲೇಬೇಕು."

"ಡಾಕ್ಟ್ರೇ, ಹೋದ್ವರ್ಷ ಒಂದು ಇಂಜೆಕ್ಷನ್ನಿಗೆ ಇವ್ರಿಗೆ ಉಸಿರೇ ನಿಂತಿತ್ತಲ್ಲ" ಎಂದರು ನರ್ಸ್ ಜಗದಾಂಬಾ. "ಯಾವ್ದು ಅಂತ ನೆನಪಿಲ್ಲ. ಕಂಪ್ಯೂಟರಲ್ಲಿದೆ."

ಹಾಲೇಶ ಸರ್ವರಿನ ಗುಂಡಿ ಒತ್ತಿದ. ಒಳಗೆ ಪಟ್ಟೆಂದಿತು, ಸುಟ್ಟ ವಾಸನೆ ಬಂತು. ಚಿಮುಕಿಸಿದ ನೀರು ಒಳಗಿಳಿದಿತ್ತು. ಪರವಾಗಿಲ್ಲ, ಇನ್ನೊಂದಿದೆ ಎಂದು ಫೋನಿನಿಂದ ಮಾಚೇನಹಳ್ಳಿಯ ಪೆಟ್ಟಿಗೆಗೆ ಕರೆ ಕಳಿಸಿದ. ಅದೂ ಸತ್ತಂತಿತ್ತು. ಆಗ ಅವನಿಗೆ ನೆನಪಾಯಿತು: ಅಲ್ಲೂ ಇವತ್ತು ಪೂಜೆ. ಓಂಕಾರಪ್ಪನವರು ಫೋನೂ ಎತ್ತಲಿಲ್ಲ. ಹೊಳೆಗೆ, ಸಿಡಿಲಿಗೆ, ಕಳ್ಳರಿಗೆ ಲೆಕ್ಕ ಹಾಕಿದ್ದವನು ತನ್ನದೇ ಹಬ್ಬವನ್ನು ಮರೆತಿದ್ದ.

"ಇಪ್ಪತ್ತು ನಿಮಿಷ ಕಾಯ್ತೀನಿ" ಎಂದರು ಡಾಕ್ಟರು. "ಆಮೇಲೆ ನನ್ನ ಕೈಲಿರೋದನ್ನೇ ಕೊಡ್ತೀನಿ."

ಹಾಲೇಶನ ಬೈಕು ಹೆದ್ದಾರಿ ಹಿಡಿಯಿತು. ಗೇಟುಗೇಟಿನ ಮುಂದೆಯೂ ಬೂದುಗುಂಬಳ ಒಡೆದು ರಸ್ತೆಯೆಲ್ಲ ಲೋಳೆ. ಬಾಳೆಕಂದು ಕಟ್ಟಿದ ಲಾರಿಯೊಂದನ್ನು ದಾಟುವಾಗ ಚಕ್ರ ಜಾರಿತು; ಮೊಣಕಾಲು ತರಚಿಹೋಯಿತು. ಎದ್ದು ಮತ್ತೆ ಹತ್ತಿದ. ಅಷ್ಟು ಹೆದರಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಓಂಕಾರಪ್ಪ ಶಟರ್ ಎಳೆಯುತ್ತಿದ್ದರು.

"ಮಿಷಿನ್ ಹಾಕ್ಬೇಕು ಅಣ್ಣಾ, ಈಗ್ಲೇ."

"ಪೂಜೆ ಆಗಿದೆ ಮಾರಾಯ! ನಾಳೆ ಮರುಪೂಜೆ ಆಗೋವರೆಗೂ ಈ ಶೆಡ್ಡಿಗೆ ಕರೆಂಟ್ ಇಲ್ಲ." ಓಂಕಾರಪ್ಪ ಎಡಗೈ ಎತ್ತಿ ತೋರಿಸಿದರು. ತೋರುಬೆರಳು ಬುಡದವರೆಗೂ ಇರಲಿಲ್ಲ. "ಒಂದ್ವರ್ಷ ಅರ್ಜೆಂಟ್ ಅಂತ ಲೇತ್ ಓಡಿಸಿದ್ದೆ. ನೋಡು."

"ಅಲ್ಲೊಬ್ರು ಸಾಯ್ತಾ ಇದಾರೆ ಅಣ್ಣಾ. ಅವ್ರಿಗೆ ಯಾವ ಔಷಧಿ ಆಗಲ್ಲ ಅನ್ನೋದು ಈ ಪೆಟ್ಟಿಗೇಲಿ ಬಿಟ್ರೆ ಎಲ್ಲೂ ಇಲ್ಲ."

ಓಂಕಾರಪ್ಪ ಅವನ ಮೊಣಕಾಲಿನ ರಕ್ತ ನೋಡಿದರು, ತಮ್ಮ ಬೆರಳಿಲ್ಲದ ಕೈ ನೋಡಿಕೊಂಡರು. ಒಳಗೆ ಹೋಗಿ, ಮರುದಿನಕ್ಕೆಂದು ಇಟ್ಟಿದ್ದ ತೆಂಗಿನಕಾಯಿ ತಂದು ಹೊಸ್ತಿಲ ಮೇಲೆ ಒಡೆದರು.

"ನಾಳೆದು ಇವತ್ತೇ ಆಯ್ತು. ಹಾಕು" ಎಂದು ಮೇನ್ ಸ್ವಿಚ್ ಎತ್ತಿದರು.

ಪೆಟ್ಟಿಗೆ ಎಚ್ಚರವಾಗಲು ಎರಡು ನಿಮಿಷ ತೆಗೆದುಕೊಂಡಿತು. ಹಾಲೇಶ ಅಕ್ಷರ ಅಕ್ಷರವಾಗಿ ಫೋನಿನಲ್ಲಿ ಓದಿದ: "ಸೆಫ್ಟ್ರಿಯಾಕ್ಸೋನ್, ಡಾಕ್ಟ್ರೇ."

ಆ ಕಡೆಯಿಂದ ಜಗದಾಂಬಾ ಅವರ ದನಿ ಕೇಳಿಸಿತು: "ಅದನ್ನೇ ಸಿರಿಂಜಿಗೆ ಎಳ್ಕೊಂಡಿದ್ವಿ ಹಾಲೇಶ." ಹಾಲೇಶ ಕಬ್ಬಿಣದ ಪುಡಿ ಚೆಲ್ಲಿದ್ದ ನೆಲದ ಮೇಲೆ ಕೂತು ಅತ್ತುಬಿಟ್ಟ.

ಬೇರೆ ಔಷಧಿ ಕೊಟ್ಟರು, ಕರಿಬಸಮ್ಮ ಉಳಿದಳು. ಹಾಲೇಶ ಸರ್ವರ್ ರಿಪೇರಿ ಮಾಡಿ, ಮೂರನೆಯ ನಕಲಿಗೆ ಜಾಗ ಹುಡುಕುತ್ತ ಶಿವಮೊಗ್ಗವೆಲ್ಲ ಅಲೆದ. ಕೊನೆಗೆ ಕ್ರೈಸ್ತ ಸಿಸ್ಟರುಗಳ ಹಾಸ್ಟೆಲಿನವರು ಒಪ್ಪಿದರು. ನಮ್ಮ ಹಬ್ಬಕ್ಕೆ ಅವರದು ಓಡುತ್ತದೆ, ಅವರ ಹಬ್ಬಕ್ಕೆ ನಮ್ಮದು. ಈ ಜಾಣತನವನ್ನು ಹೇಳಿಕೊಳ್ಳಲು ಮೊದಲು ಹೋದದ್ದು ಕರಿಬಸಮ್ಮನ ಹಾಸಿಗೆಯ ಬಳಿಗೇ.

ಪೂರ್ತಿ ಕೇಳಿ ಅವಳು ತನ್ನ ಸ್ಟೀಲ್ ಊಟದ ಡಬ್ಬಿಯನ್ನು ಮುಂದೆ ಚಾಚಿದಳು. ಮುಚ್ಚಳದ ಮೇಲೆ, ಪಾತ್ರೆ ಅಂಗಡಿಯಲ್ಲಿ ಮದುವೆ ಉಡುಗೊರೆಗೆ ಹೆಸರು ಕೊರೆಯುವ ಅದೇ ಚುಕ್ಕಿ ಅಕ್ಷರದಲ್ಲಿ ಹೀಗಿತ್ತು: ಕರಿಬಸಮ್ಮ, ಜನ್ನಾಪುರ. ಸೆಫ್ಟ್ರಿಯಾಕ್ಸೋನ್ ಆಗಲ್ಲ.

"ಶಿವಮೊಗ್ಗದಿಂದ ಬಂದ್ಮೇಲೆ ಕೊರೆಸ್ದೆ. ಇದಕ್ಕೆ ಕರೆಂಟ್ ಬೇಡ ಕಣೋ" ಎಂದಳು. "ದಿನಾ ತೊಳಿತೀನಿ, ಏನೂ ಆಗಿಲ್ಲ."

ಹಾಲೇಶನಿಗೆ ನಾಚಿಕೆಯಾಯಿತು. ಅವಳ ಜೀವದ ಸಂಗತಿಯನ್ನು ಮೂರು ಊರಿನಲ್ಲಿ ಇಟ್ಟಿದ್ದ, ಅವಳ ಕೈಗೆ ಮಾತ್ರ ಕೊಟ್ಟಿರಲಿಲ್ಲ. ಉಳಿದ ರೋಗಿಗಳಿಗೆ ಆಗದ ಔಷಧಿಗಳ ಪಟ್ಟಿ ಬರೆದುಕೊಂಡು, ಅವಳನ್ನು ಆ ಪಾತ್ರೆ ಅಂಗಡಿಯ ವಿಳಾಸ ಕೇಳಿದ.